ತಂದೆಯವರ 1985ರ ಪಿಕಪ್: ಇದ್ದಂತೆ ಉಳಿಸುವುದೋ, ಹೊಸ ಎಂಜಿನ್ ಕೂರಿಸುವುದೋ?

ತಂಬಾಕಿನೂರಿನವ (ಪುಣೆ):

ಎಲ್ಲರಿಗೂ ನಮಸ್ಕಾರ. ನಾನು ಹದಿನೆಂಟು ವರ್ಷಗಳಿಂದ ಚಿಂಚವಡದಲ್ಲಿ ನೆಲೆಸಿದ್ದೇನೆ; ಊರು ನಿಪ್ಪಾಣಿಯ ಹತ್ತಿರದ ಒಂದು ಹಳ್ಳಿ. ನಮ್ಮ ತಂದೆಯವರು 1985ರಲ್ಲಿ ಕೊಂಡ, ಜೀಪಿನ ಮುಖದ ಮಹೀಂದ್ರಾ ಡೀಸೆಲ್ ಪಿಕಪ್ ಒಂದು ಊರಿನ ಮನೆಯಲ್ಲಿ ದನದ ಕೊಟ್ಟಿಗೆಗೆ ಒತ್ತಿಕೊಂಡ ತಗಡಿನ ಚಪ್ಪರದಡಿ ಹನ್ನೊಂದು ವರ್ಷಗಳಿಂದ ನಿಂತಿದೆ. ತಂಬಾಕಿನ ಮೂಟೆಗಳನ್ನು ನಿಪ್ಪಾಣಿಯ ವಖಾರಿಗೆ ಒಯ್ಯುವುದರಿಂದ ಹಿಡಿದು ಅಕ್ಕನ ಮದುವೆಯ ಪಾತ್ರೆ ಪಡಗಗಳನ್ನು ಕೊಲ್ಹಾಪುರದಿಂದ ತರುವವರೆಗೆ ನಮ್ಮ ಮನೆಯ ಭಾರವನ್ನೆಲ್ಲ ಹೊತ್ತದ್ದು ಅದೇ. ತಂದೆಯವರು ತೀರಿಕೊಂಡ ಮೇಲೆ ಅದನ್ನು ಯಾರೂ ಚಾಲೂ ಮಾಡಿಲ್ಲ.

ಈಗ ಅದನ್ನು ಪುಣೆಗೆ ತಂದು ಮತ್ತೆ ರಸ್ತೆಗೆ ಇಳಿಸಬೇಕೆಂದು ಮನಸ್ಸಾಗಿದೆ. ಎಂಜಿನ್ ಪ್ಯೂಜೋ ಡೀಸೆಲ್, ನಾಲ್ಕು ಗೇರು, ಹಿಂದಿನ ಚಕ್ರಗಳಿಗಷ್ಟೇ ಚಾಲನೆ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು, ಸುತ್ತಲೂ ಕಮಾನು ಪಟ್ಟಿ. ಇಲ್ಲಿಯ ಒಬ್ಬ ಗ್ಯಾರೇಜಿನವರು ಬೊಲೆರೋದಲ್ಲಿ ಬರುವಂಥ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನು, ಐದು ಗೇರಿನ ಪೆಟ್ಟಿಗೆ, ಪವರ್ ಸ್ಟಿಯರಿಂಗ್, ಮುಂದೆ ಡಿಸ್ಕ್ ಬ್ರೇಕು, ಎಸಿ, ಎಲ್‌ಇಡಿ ದೀಪಗಳು, ಇವೆಲ್ಲವನ್ನೂ ಒಂದೇ ಸಲಕ್ಕೆ ಕೂರಿಸಿಕೊಡುವುದಾಗಿಯೂ ಹಳೆಯ ಎಂಜಿನ್ನನ್ನು ತಾವೇ ಭಂಗಾರದ ಬೆಲೆಗೆ ತೆಗೆದುಕೊಳ್ಳುವುದಾಗಿಯೂ ಹೇಳಿದ್ದಾರೆ. ನನ್ನ ತಮ್ಮನಿಗೆ ಈ ಮಾತು ಹಿಡಿಸಿದೆ. ತಾಯಿಯವರು ಮಾತ್ರ, ‘ಅದರ ಸದ್ದು ಬದಲಾದರೆ ಅದು ನಿಮ್ಮಪ್ಪನ ಗಾಡಿ ಹೇಗಾದೀತು’ ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ವಾರಕ್ಕೊಮ್ಮೆ ಓಡಿಸುವ ಗಾಡಿಯಿದು. ಆಗಾಗ ಊರಿಗೂ ಹೋಗಿ ಬರಬೇಕು. ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು, ಯಾವುದರಿಂದ ಆರಂಭಿಸಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಕಾಂದಿವಲಿಯ ಹಳಬ (ಮುಂಬೈ):

ತಾವು ಬರೆದದ್ದನ್ನು ಎರಡು ಸಲ ಓದಿದೆ. ಎಂಜಿನ್ನಿನ ಚರ್ಚೆ ಎಲ್ಲಕ್ಕಿಂತ ರುಚಿಕರ, ಆದ್ದರಿಂದಲೇ ಎಲ್ಲರೂ ಅಲ್ಲಿಂದ ಶುರುಮಾಡುತ್ತಾರೆ. ನಾನಾದರೆ ಮೊದಲು ಟ್ರಂಕು ತೆಗೆದು ಆರ್‌ಸಿ ಪುಸ್ತಕವನ್ನು ನೋಡುತ್ತೇನೆ, ಆಮೇಲೆ ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಕೆಳಗೆ ನುಸುಳುತ್ತೇನೆ. ಈ ಎರಡರಲ್ಲಿ ಒಂದು ಕೆಟ್ಟಿದ್ದರೂ ಉಳಿದದ್ದೆಲ್ಲ ವ್ಯರ್ಥ ಖರ್ಚು.

ಆರ್‌ಸಿಯಲ್ಲಿ ಗಾಡಿ ಸರಕು ವಾಹನವೆಂದು ದಾಖಲಾಗಿದೆಯೋ ಖಾಸಗಿ ಎಂದೋ? ಸರಕು ವಾಹನವಾಗಿದ್ದರೆ, ಒಟ್ಟು ತೂಕ 3,000 ಕಿಲೋ ಮೀರದಿದ್ದಲ್ಲಿ ಪರ್ಮಿಟ್ ಬೇಕಿಲ್ಲವಾದರೂ, ಈ ವಯಸ್ಸಿನ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಲೇಬೇಕು. ಕೆಎ ಎಂಬ ಅಕ್ಷರಗಳು ಬರುವುದಕ್ಕೆ ಮುಂಚಿನ ಹಳೆಯ ನಂಬರಿರುವ ಗಾಡಿಯಾದ್ದರಿಂದ ಅದರ ದಾಖಲೆ ಬಹುಶಃ ಇನ್ನೂ ಆನ್‌ಲೈನ್‌ಗೆ ಏರಿರುವುದಿಲ್ಲ. ಮೂಲ ನೋಂದಣಿಯಾದ ಆರ್‌ಟಿಓದಲ್ಲಿಯೇ ಅದನ್ನು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ, ತಂದೆಯವರ ಹೆಸರಿನಿಂದ ವಾರಸುದಾರರ ಹೆಸರಿಗೆ ವರ್ಗಾಯಿಸಿ, ನಂತರ ಫಾರ್ಮ್ 28ರಲ್ಲಿ ಎನ್‌ಓಸಿ (ಬೇರೆ ಕಡೆ ನೋಂದಾಯಿಸಲು ಅಡ್ಡಿಯಿಲ್ಲವೆಂಬ ಪತ್ರ) ಪಡೆಯಿರಿ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಡುವ ಗಾಡಿಗೆ ಅಲ್ಲಿಯ ನಂಬರನ್ನೇ ಪಡೆಯಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ಹಳೆಯ ಗಾಡಿಗಳಿಗೆ ಪರಿಸರ ತೆರಿಗೆಯೂ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಮಾರ್ಪಾಟಿನ ವಿಚಾರ. ತಯಾರಕರು ನಮೂದಿಸಿದ ವಿವರಗಳಿಗೂ ಆರ್‌ಸಿಯ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸವೆದ ಎಂಜಿನ್ನಿನ ಜಾಗಕ್ಕೆ ಅದೇ ಕಂಪನಿಯ ಅದೇ ಬಗೆಯ ಎಂಜಿನ್ನನ್ನು ಆರ್‌ಟಿಓ ಒಪ್ಪಿಗೆಯೊಂದಿಗೆ ಕೂರಿಸುವುದು ಒಂದು ಮಾತು. ಅಳತೆಯೂ ಬಗೆಯೂ ಬೇರೆಯಾದ ಎಂಜಿನ್ನನ್ನು ಕೂರಿಸಿ ಸುಮ್ಮನಿರುವುದು ಬೇರೆ ಮಾತು. ಎರಡನೆಯದನ್ನು ಮಾಡಿದವರು ಬಹಳ ಮಂದಿ ಇದ್ದಾರೆ, ನಿಜ. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಎಂಜಿನ್ ನಂಬರನ್ನೇ.

ಇನ್ನೊಂದು ಸಂಗತಿಯನ್ನು ಗ್ಯಾರೇಜಿನವರು ತಮಗೆ ಹೇಳಿರಲಾರರು. ವಿಂಟೇಜ್ ವಾಹನಗಳ ನೋಂದಣಿಗೆ 2021ರ ಜುಲೈಯಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಖಾಸಗಿ ಬಳಕೆಯ, ಮೂಲರೂಪದಲ್ಲಿಯೇ ಉಳಿದಿರುವ ಗಾಡಿಗಳಿಗೆ ಮಾತ್ರ ಅದು ಸಲ್ಲುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದವಕ್ಕೆ ಮಾತ್ರ ಹೊರತೆಗೆಯಬಹುದು, ದಿನಬಳಕೆಗೆ ಅಲ್ಲ. ಹಾಗಾಗಿ ತಮಗೆ ಅದು ಬೇಡವೆನಿಸಲೂಬಹುದು. ಆದರೆ ತಮ್ಮ ಗಾಡಿಗೆ ಐವತ್ತು ತುಂಬುವುದು 2035ರಲ್ಲಿ, ಮತ್ತು ಆ ಬಾಗಿಲನ್ನು ಈಗಲೇ ಮುಚ್ಚಿಕೊಳ್ಳುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಹಳೆಯ ಎಂಜಿನ್ನನ್ನು ಯಾವ ಬೆಲೆಗೂ ಕೊಡಬೇಡಿ.

ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ. ಒಳಗೆ ತುಕ್ಕು ತಿಂದಿದ್ದರೆ ಸದ್ದು ಮಂಕಾಗುತ್ತದೆ. ಕಮಾನು ಪಟ್ಟಿಯ ಕೊಂಡಿಗಳನ್ನು ರಿವೆಟ್ ಹೊಡೆದಿರುವ ಜಾಗ, ಕ್ಯಾಬಿನ್ನನ್ನು ಕೂರಿಸಿದ ಕೈಗಳು, ಅಡ್ಡ ತೊಲೆಗಳ ಕೂಡು, ಇವು ಮುಖ್ಯ. ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಕೊಡುವ ಮುಂಚೆ ಚಾಸಿ ನಂಬರಿನ ಮೇಲೆ ದಪ್ಪ ಟೇಪು ಸುತ್ತಿಸಿ, ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅದರ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಮರಳಿನ ಹೊಡೆತಕ್ಕೆ ಅಕ್ಷರ ಸವೆದು, ಆಮೇಲೆ ಮೂರು ಕೋಟು ಬಣ್ಣ ತುಂಬಿ, ತಪಾಸಣೆಯ ದಿನ ನಂಬರೇ ಕಾಣದೆ ಪೇಚಿಗೆ ಸಿಕ್ಕ ಮಾಲೀಕರನ್ನು ನಾನು ಕಂಡಿದ್ದೇನೆ.

ಭೋಸರಿ ಲೇಥ್ (ಪುಣೆ):

ಹಿರಿಯರು ಕಾಗದದ ವಿಷಯವನ್ನು ಹೇಳಿದ್ದಾರೆ. ನಾನು ಕಬ್ಬಿಣದ ವಿಷಯವನ್ನು ಹೇಳುತ್ತೇನೆ. ಭೋಸರಿಯಲ್ಲಿ ನನ್ನದು ಸಣ್ಣ ಲೇಥ್ ಅಂಗಡಿ, ಹಳೆಯ ಜೀಪುಗಳ ಡ್ರಮ್ಮು, ಕಿಂಗ್‌ಪಿನ್ನು (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಕೀಲು), ಬುಷ್ಷುಗಳ ಕೆಲಸ ತಿಂಗಳಿಗೊಂದಾದರೂ ಬರುತ್ತದೆ.

ಗ್ಯಾರೇಜಿನವರ ಪಟ್ಟಿಯಲ್ಲಿ ಎಂಜಿನ್ ಮೊದಲಿದೆ, ಬ್ರೇಕು ನಾಲ್ಕನೆಯದು. ಅದನ್ನು ತಲೆಕೆಳಗು ಮಾಡಿ. ಇಂಥ ಹಳೆಯ ಗಾಡಿಗಳಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲು ಒತ್ತಿದಾಗ ಎಣ್ಣೆಯನ್ನು ಚಕ್ರಗಳತ್ತ ದೂಡುವ ಸಿಲಿಂಡರ್, ಒಂದೇ ಕೋಣೆಯದು. ಅಂದರೆ ನಾಲ್ಕು ಚಕ್ರಗಳಿಗೂ ಒಂದೇ ಎಣ್ಣೆಯ ದಾರಿ; ಯಾವುದೋ ಒಂದು ಚಕ್ರದ ಸಿಲಿಂಡರ್ ಸೋರಿದರೆ ಪೆಡಲು ನೆಲಕ್ಕೆ ಹೋಗುತ್ತದೆ, ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೇ ಇಲ್ಲವಾಗುತ್ತದೆ. ಎರಡು ಕೋಣೆಯ ಟ್ಯಾಂಡಮ್ ಸಿಲಿಂಡರ್ ಹಾಕಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಬೇರೆ ಬೇರೆ ಪೈಪು ಎಳೆದರೆ, ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಗಾಡಿಗೆ ಮಾಡಬೇಕಾದ ಆಧುನೀಕರಣಗಳಲ್ಲಿ ಮೊದಲನೆಯದು ಇದೇ. ಹೊರಗಿನಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಸ್ಕ್ ಬ್ರೇಕಿನ ಆಸೆ ತಪ್ಪಲ್ಲ. ಆದರೆ ಅದು ನಾಲ್ಕು ಬೋಲ್ಟು ಬಿಚ್ಚಿ ಬಿಗಿಯುವ ಕೆಲಸವಲ್ಲ ಎಂಬುದನ್ನು ಕೊಂಚ ವಿವರವಾಗಿ ಹೇಳಬೇಕು. ಡ್ರಮ್ಮಿನಲ್ಲಿ ಶೂಗಳು ತಿರುಗುವ ದಿಕ್ಕಿಗೆ ತಾವೇ ಸ್ವಲ್ಪ ಒತ್ತಿಕೊಳ್ಳುವುದರಿಂದ ಕಾಲಿನ ಬಲ ಕಡಿಮೆ ಸಾಕು. ಡಿಸ್ಕಿಗೆ ಆ ಸಹಾಯವಿಲ್ಲ, ಆದ್ದರಿಂದ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಬೇಕು. ಬೂಸ್ಟರ್ ನಡೆಯುವುದು ನಿರ್ವಾತದ ಮೇಲೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒಳಗೆ ಹೋಗುವ ಗಾಳಿಯನ್ನು ಥ್ರಾಟಲ್ ತಡೆಯುವುದರಿಂದ ನಿರ್ವಾತ ತಾನಾಗಿ ಸಿಗುತ್ತದೆ. ಡೀಸೆಲ್ಲಿನಲ್ಲಿ ಅಂಥ ತಡೆ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಬೆನ್ನಿಗೆ ವ್ಯಾಕ್ಯೂಮ್ ಪಂಪು ಅಂಟಿಕೊಂಡಿರುವ ಆಲ್ಟರ್ನೇಟರ್ ಹುಡುಕಬೇಕು, ಅದಕ್ಕೆ ಎಂಜಿನ್ ಎಣ್ಣೆಯ ಒಂದು ಕವಲು ಕೊಡಬೇಕು. ಇಷ್ಟಾದ ಮೇಲೆ ಡ್ರಮ್ಮಿಗಾಗಿ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡರೆ, ಅದರ ಬಾಯಲ್ಲಿರುವ ಸಣ್ಣ ವಾಲ್ವು ಪೈಪಿನಲ್ಲಿ ಒತ್ತಡವನ್ನು ಸ್ವಲ್ಪ ಹಿಡಿದೇ ಇಡುತ್ತದೆ. ಡ್ರಮ್ಮಿಗೆ ಅದು ಒಳ್ಳೆಯದು. ಡಿಸ್ಕಿನಲ್ಲಿ ಪ್ಯಾಡುಗಳು ಸದಾ ಉಜ್ಜುತ್ತಲೇ ಇದ್ದು ಹತ್ತು ಮೈಲಿಗೆ ಚಕ್ರ ಕಾಯುತ್ತದೆ. ನನ್ನ ಅಂಗಡಿಗೆ ಬರುವ ‘ಡಿಸ್ಕ್ ಹಾಕಿಸಿದ ಮೇಲೆ ಗಾಡಿ ಎಳೆಯುತ್ತಿಲ್ಲ’ ಎಂಬ ದೂರುಗಳಲ್ಲಿ ಅರ್ಧಕ್ಕರ್ಧ ಇದೇ ಆಗಿರುತ್ತದೆ. ನಿಮ್ಮದು ಹಿಂಚಾಲನೆಯ ಗಾಡಿಯಾದ್ದರಿಂದ ಮುಂದಿನ ಆಕ್ಸಲ್ ಯಾವ ಬಗೆಯದೆಂದು ನೋಡದೆ, ಬೇರೆ ಗಾಡಿಯ ಡಿಸ್ಕ್ ಇದಕ್ಕೆ ಕೂರುತ್ತದೆಂದು ಯಾರಾದರೂ ಫೋನಿನಲ್ಲೇ ಹೇಳಿದರೆ ನಂಬಬೇಡಿ.

ಚೆನ್ನಾಗಿ ಲೇಥ್ ಹಿಡಿಸಿದ ಡ್ರಮ್ಮು, ಹೊಸ ಶೂ, ಹೊಸ ಚಕ್ರ ಸಿಲಿಂಡರು, ಟ್ಯಾಂಡಮ್ ಮಾಸ್ಟರು, ಎರಡು ವರ್ಷಕ್ಕೊಮ್ಮೆ ಬದಲಿಸುವ ಬ್ರೇಕ್ ಆಯಿಲು, ಇಷ್ಟಿದ್ದರೆ ವಾರಕ್ಕೊಮ್ಮೆ ಅರುವತ್ತರ ವೇಗದಲ್ಲಿ ಓಡುವ ಖಾಲಿ ಪಿಕಪ್ಪಿಗೆ ಸಾಕು. ಮಳೆಗಾಲದಲ್ಲಿ ನೀರು ಹಾಯ್ದ ಮೇಲೆ ಒಂದೆರಡು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳುವ ಅಭ್ಯಾಸ ನಿಮ್ಮ ತಂದೆಯವರಿಗೆ ಖಂಡಿತ ಇದ್ದಿರಬೇಕು.

ಸ್ಟಿಯರಿಂಗ್ ಬಗ್ಗೆ: ಚಕ್ರ ಕಾಲು ಸುತ್ತು ತಿರುಗಿದರೂ ಗಾಡಿ ನೇರ ಹೋಗುತ್ತದೆ ಎನ್ನುವವರೆಲ್ಲ ಸ್ಟಿಯರಿಂಗ್ ಬಾಕ್ಸನ್ನು ದೂರುತ್ತಾರೆ. ಅದಕ್ಕೂ ಮೊದಲು ಕಿಂಗ್‌ಪಿನ್ನು, ಟೈ ರಾಡಿನ ತುದಿಗಳು, ಕಮಾನು ಪಟ್ಟಿಯ ಬುಷ್ಷು ನೋಡಿಸಿ. ಸವೆದ ಕಿಂಗ್‌ಪಿನ್ನಿನ ಮೇಲೆ ಪವರ್ ಸ್ಟಿಯರಿಂಗ್ ಕೂರಿಸಿದರೆ ಸಡಿಲ ಹಾಗೆಯೇ ಉಳಿಯುತ್ತದೆ, ಅದು ನಿಮ್ಮ ಕೈಗೆ ತಿಳಿಯುವುದಿಲ್ಲ ಅಷ್ಟೇ.

ಫೋಂಡಾ ಹೋಟೆಲಿನವ (ಗೋವಾ):

ನಾನು ತಪ್ಪು ಮಾಡಿದವನು, ಆದ್ದರಿಂದ ನನ್ನ ಮಾತಿಗೂ ಸ್ವಲ್ಪ ಬೆಲೆಯಿರಬಹುದು. ಮೂಲತಃ ಕುಂದಾಪುರದ ಕಡೆಯವನು, ಫೋಂಡಾದಲ್ಲಿ ಹೋಟೆಲು. ಬೆಳಗಾವಿಯಿಂದ ಚೋರ್ಲಾ ಘಾಟಿಯ ಮೂಲಕ ತರಕಾರಿ ತರುತ್ತಿದ್ದ ಇಂಥದೇ ಒಂದು ಪಿಕಪ್ಪನ್ನು ಅದರ ಮಾಲೀಕರಿಂದ ಕೊಂಡು, ಆರು ವರ್ಷಗಳ ಹಿಂದೆ ಅದಕ್ಕೆ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಕೂರಿಸಿದೆ.

ಲೆಕ್ಕ ಹೀಗಿದೆ, ಮಾರಾಯರೇ. ಪ್ಯೂಜೋ ಎಂಜಿನ್ನು 90 ಮಿಲಿಮೀಟರ್ ಬೋರು (ಸಿಲಿಂಡರಿನ ಅಗಲ), 83 ಮಿಲಿಮೀಟರ್ ಸ್ಟ್ರೋಕು (ಪಿಸ್ಟನ್ ಓಡಾಡುವ ಉದ್ದ), ಒಟ್ಟು 2112 ಸಿಸಿ. ಅದು ನಿಮಿಷಕ್ಕೆ 4500 ಸುತ್ತಿನವರೆಗೂ ಹಾಡುತ್ತ ಹೋಗುತ್ತದೆ. ನಾನು ಕೂರಿಸಿದ್ದು 2523 ಸಿಸಿಯದು, ಉದ್ದ ಸ್ಟ್ರೋಕಿನದು, ಅದರ ಬಲವೆಲ್ಲ ಕಡಿಮೆ ಸುತ್ತಿನಲ್ಲಿ, 3200ರ ಹೊತ್ತಿಗೆ ಅದರ ಉಸಿರು ಮುಗಿಯುತ್ತದೆ. ಹಿಂದಿನ ಆಕ್ಸಲ್ಲಿನ ಗೇರು, ಅಂದರೆ ಡಿಫರೆನ್ಶಿಯಲ್, ಹಳೆಯದೇ, 43 ಮತ್ತು 8 ಹಲ್ಲುಗಳದು, ಅಂದರೆ 5.38ರ ಅನುಪಾತ. ಗೇರು ಪೆಟ್ಟಿಗೆಯೂ ನಾಲ್ಕರದೇ. ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆಂದು ಹಿಡಿದರೆ ನಾಲ್ಕನೆಯ ಗೇರಿನಲ್ಲಿ ಹಳೆಯ ಎಂಜಿನ್ನಿಗೆ ಕಾಗದದ ಮೇಲಾದರೂ 110 ಕಿಲೋಮೀಟರ್ ವೇಗ ಸಾಧ್ಯ. ಹೊಸದಕ್ಕೆ 80 ದಾಟುವುದಿಲ್ಲ. ಹಣ ಕೊಟ್ಟು ಗಾಡಿಯನ್ನು ನಿಧಾನ ಮಾಡಿಸಿಕೊಂಡ ಕೀರ್ತಿ ನನ್ನದು. ಐದನೆಯ ಗೇರು ಹಾಕಿಸಿದರೆ ಅದು ಸರಿಹೋಗುತ್ತದೆ ಎಂದರು. ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು, ಅಡ್ಡ ತೊಲೆಯನ್ನು ಸರಿಸಬೇಕಾಯಿತು. ಒಂದು ಬದಲಾವಣೆ ಇನ್ನೊಂದನ್ನು ಬೇಡುತ್ತ ಹೋಗುವುದು ಹೀಗೆಯೇ.

ಏರಿನಲ್ಲಿ ಅದು ಚೆನ್ನಾಗಿ ಎಳೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಭಾರ ಹೊರುವವರಿಗೆ ಅದೇ ಸರಿಯಾದ ಎಂಜಿನ್ನೂ ಇರಬಹುದು. ಆದರೆ ಅದರ ನಡುಕ ಎಷ್ಟೆಂದರೆ ಕ್ಯಾಬಿನ್ನಿನ ಹಳೆಯ ತಗಡಿನಲ್ಲಿ ವರ್ಷದೊಳಗೆ ಮೂರು ಕಡೆ ಬಿರುಕು ಬಂತು. ಫಿಟ್‌ನೆಸ್‌ಗೆ ಹೋದಾಗ ಎಂಜಿನ್ ನಂಬರು ತಾಳೆಯಾಗಲಿಲ್ಲ. ತಪ್ಪು ನನ್ನದೇ, ಒಪ್ಪಿಗೆ ಪಡೆಯದೆ ಕೆಲಸ ಮಾಡಿಸಿದ್ದೆ. ಹಿಂದಿರುಗೋಣವೆಂದರೆ ಹಳೆಯ ಎಂಜಿನ್ನಿನ ಮೌಂಟಿಂಗ್ ಕೈಗಳನ್ನು ಮಿಸ್ತ್ರಿ ಗ್ಯಾಸಿನಲ್ಲಿ ಕತ್ತರಿಸಿ ಎಸೆದಿದ್ದ, ಎಂಜಿನ್ನು ಗುಜರಿಗೆ ಹೋಗಿತ್ತು. ನೀವು ಏನನ್ನೇ ಬದಲಿಸುವುದಾದರೂ ಬೋಲ್ಟಿನಲ್ಲಿ ಕೂರುವಂತೆ ಮಾಡಿಸಿ. ಚಾಸಿಯ ಮೇಲೆ ಗ್ಯಾಸ್ ಕಟರ್ ಇಡಲು ಬಿಡಬೇಡಿ.

ತುಕ್ಕಿನ ಬಗ್ಗೆಯೂ ಹೇಳಲೇಬೇಕು. ಕರಾವಳಿಯಲ್ಲಿ ಬೆಳೆದ ಗಾಡಿಗೂ ನಿಪ್ಪಾಣಿಯ ಒಣ ಹವೆಯಲ್ಲಿ ನಿಂತ ಗಾಡಿಗೂ ಅಜಗಜಾಂತರವಿದೆ. ಆ ವಿಷಯದಲ್ಲಿ ನೀವು ಅದೃಷ್ಟವಂತರು. ಆದರೆ ಕೊಟ್ಟಿಗೆಯ ಪಕ್ಕ ಎಂದಿರಿ. ದನದ ಗಂಜಲ ಹರಿಯುವ ಕಡೆಯ ಚಕ್ರದ ಮೇಲ್ಭಾಗವನ್ನೂ ನೆಲದ ತಗಡನ್ನೂ ಚೆನ್ನಾಗಿ ನೋಡಿ, ಉಪ್ಪುಗಾಳಿಗಿಂತ ಅದೇನೂ ಕಡಿಮೆಯಿಲ್ಲ. ತಿಂದುಹೋದ ಕಡೆ ಪುಟ್ಟಿ ಮೆತ್ತಿಸಬೇಡಿ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಅದೇ ದಪ್ಪದ ಹೊಸ ತಗಡನ್ನು ಸಿಓಟು ವೆಲ್ಡಿಂಗಿನಲ್ಲಿ ಕೂಡಿಸಿ, ಒಳಬದಿಗೂ ಎಪಾಕ್ಸಿ ಪ್ರೈಮರ್ ಹೊಡೆಸಿ. ಫೋಂಡಾದ ಮಳೆಯಲ್ಲಿ ನನ್ನ ಪುಟ್ಟಿ ಎರಡು ಮಳೆಗಾಲ ತಡೆಯಿತು, ಮೂರನೆಯದಕ್ಕೆ ಹಪ್ಪಳದಂತೆ ಎದ್ದಿತು.

ಡೊಂಬಿವಲಿ ಓದುಗ (ಮುಂಬೈ):

ಎಲ್ಲರೂ ಡೀಸೆಲ್ಲನ್ನೇ ಹಿಡಿದು ಮಾತನಾಡುತ್ತಿದ್ದೀರಿ. ವಿದ್ಯುತ್ ಮೋಟಾರಿಗೆ ಬದಲಿಸುವುದಕ್ಕೆ ಕಾನೂನಿನಲ್ಲೇ ಅವಕಾಶವಿದೆಯಲ್ಲವೇ? ಪುಣೆಯಲ್ಲಿ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಕೂಡ ಇದೆ.

ಭೋಸರಿ ಲೇಥ್ (ಪುಣೆ):

ಅವಕಾಶವಿದೆ. ಆದರೆ ಅದು ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ಒಪ್ಪಿದ ಕಿಟ್ಟಿಗೆ, ಅದೂ ಆ ಕಿಟ್ಟನ್ನು ಯಾವ ಬಗೆಯ ಗಾಡಿಗೆಂದು ಒಪ್ಪಿದ್ದಾರೋ ಅದಕ್ಕೆ ಮಾತ್ರ. ಬ್ಯಾಟರಿ ಒಂದು ಕಡೆಯಿಂದ, ಮೋಟಾರು ಇನ್ನೊಂದು ಕಡೆಯಿಂದ ತಂದು ಜೋಡಿಸಿದ ಗಾಡಿ ಓಡುತ್ತದೆ, ನೋಂದಣಿಯಾಗುವುದಿಲ್ಲ. ತಾಯಿಯವರು ಸದ್ದಿನ ಬಗ್ಗೆ ಕೇಳಿದ್ದಾರೆಂಬುದನ್ನೂ ನೆನಪಿಡಿ.

ತಂಬಾಕಿನೂರಿನವ (ಪುಣೆ):

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಶನಿವಾರ ಊರಿಗೆ ಹೋಗಿ ಬಂದೆ. ಕಾಂದಿವಲಿಯ ಹಿರಿಯರು ಹೇಳಿದಂತೆ ಸುತ್ತಿಗೆ ಹಿಡಿದು ಚಾಸಿಯ ಕೆಳಗೆ ಒಂದು ಗಂಟೆ ಮಲಗಿದ್ದೆ. ಉದ್ದ ತೊಲೆಗಳು ಎರಡೂ ಠಣ್ಣೆನ್ನುತ್ತವೆ. ಫೋಂಡಾದವರ ಊಹೆಯೂ ನಿಜವಾಯಿತು: ಕೊಟ್ಟಿಗೆಯ ಕಡೆಯ, ಅಂದರೆ ಎಡಬದಿಯ ನೆಲದ ತಗಡಿನಲ್ಲಿ ಬೆರಳು ತೂರುತ್ತದೆ, ಹಿಂದಿನ ಎಡ ಕಮಾನಿನ ಕೊಂಡಿಯ ಸುತ್ತಲೂ ಪದರ ಪದರವಾಗಿ ತುಕ್ಕು ಎದ್ದಿದೆ. ಬಲಬದಿ ನನಗಿಂತ ಆರೋಗ್ಯವಾಗಿದೆ.

ಎಂಜಿನ್ನಿನ ಬಗ್ಗೆ ಒಂದು ಮಾತು ಕೇಳಬೇಕಿತ್ತು. ತಮ್ಮನು ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯಲು ಸಿದ್ಧನಾಗಿದ್ದ, ನಾನು ತಡೆದೆ. ತಡೆದದ್ದು ಸರಿಯೇ? ಗಾಡಿಯನ್ನು ಪುಣೆಗೆ ತರುವ ಬಗೆ ಹೇಗೆ? ಊರಿನವರು ಟ್ರ್ಯಾಕ್ಟರಿಗೆ ಕಟ್ಟಿ ನಿಪ್ಪಾಣಿಯವರೆಗೆ, ಅಲ್ಲಿಂದ ಇನ್ನೊಂದು ಗಾಡಿಗೆ ಕಟ್ಟಿ ಹೆದ್ದಾರಿಯಲ್ಲಿ ಎಳೆಸೋಣ ಎನ್ನುತ್ತಾರೆ.

ಭೋಸರಿ ಲೇಥ್ (ಪುಣೆ):

ತಡೆದದ್ದು ಬಹಳ ಸರಿ. ಹನ್ನೊಂದು ವರ್ಷ ನಿಂತ ಎಂಜಿನ್ನಿನಲ್ಲಿ ರಿಂಗುಗಳು ಸಿಲಿಂಡರಿಗೆ ಅಂಟಿರುತ್ತವೆ, ಎಣ್ಣೆಯೆಲ್ಲ ಕೆಳಗಿಳಿದು ಬೇರಿಂಗುಗಳು ಒಣಗಿರುತ್ತವೆ. ಸೆಲ್ಫ್ ಹೊಡೆದರೆ ಒಂದೋ ರಿಂಗು ಮುರಿಯುತ್ತದೆ, ಇಲ್ಲವೇ ಲೈನರಿನಲ್ಲಿ ಗೀರು ಬೀಳುತ್ತದೆ. ನಾಲ್ಕೂ ಹೀಟರ್ ಪ್ಲಗ್ಗು ಮತ್ತು ನಾಝಲ್ಲುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತೆಳುವಾದ ಎಣ್ಣೆ ಸ್ವಲ್ಪ ಸ್ವಲ್ಪ ಹಾಕಿ ಮೂರು ನಾಲ್ಕು ದಿನ ಬಿಡಿ. ಆಮೇಲೆ ಕ್ರ್ಯಾಂಕಿನ ಪುಲ್ಲಿಗೆ ದೊಡ್ಡ ಪಾನಾ ಹಾಕಿ ಕೈಯಿಂದಲೇ ಹಿಂದೆ ಮುಂದೆ ಅಲ್ಲಾಡಿಸಿ. ಮಿಸುಕದಿದ್ದರೆ ಜೋರು ಮಾಡಬೇಡಿ, ಮತ್ತೆ ಎಣ್ಣೆ ಹಾಕಿ ಕಾಯಿರಿ. ಪೂರ್ತಿ ಎರಡು ಸುತ್ತು ಸಲೀಸಾಗಿ ತಿರುಗಿದರೆ ಮಾತ್ರ ಮುಂದಿನ ಮಾತು. ಟ್ಯಾಂಕಿನ ಹಳೆಯ ಡೀಸೆಲ್ಲನ್ನು ಪೂರ್ತಿ ಚೆಲ್ಲಬೇಕು. ಅದರ ಅಡಿಯಲ್ಲಿ ನೀರು ಮತ್ತು ಲೋಳೆ ಕಟ್ಟಿರುತ್ತದೆ, ಒಂದು ಹನಿ ಪಂಪಿಗೆ ಹೋದರೂ ಪಂಪಿನ ಕೆಲಸಕ್ಕೆ ಬೇರೆ ಖರ್ಚು. ಪಂಪು ಮತ್ತು ನಾಝಲ್ಲುಗಳನ್ನು ಹೇಗೂ ಕ್ಯಾಲಿಬ್ರೇಷನ್ ಅಂಗಡಿಗೆ ಕೊಡಲೇಬೇಕು. ಈ ಎಂಜಿನ್ನಿನ ಲೈನರುಗಳು ಹೊರಗಿನಿಂದ ನೀರು ಸುತ್ತುವ ಬಗೆಯವು, ಬ್ಲಾಕಿಗೆ ಬೋರಿಂಗ್ ಹಿಡಿಯದೆ ಲೈನರುಗಳನ್ನೇ ಬದಲಿಸಬಹುದು. ದುರಸ್ತಿ ನೀವು ಹೆದರಿದಷ್ಟು ಕಷ್ಟವಲ್ಲ.

ಎಳೆಸಿಕೊಂಡು ತರುವ ಯೋಚನೆಯನ್ನು ಬಿಟ್ಟುಬಿಡಿ. ಬ್ರೇಕಿಲ್ಲದ ಗಾಡಿಯನ್ನು ಹಗ್ಗದಲ್ಲಿ ಕಟ್ಟಿ ಕಾಗಲ್, ಕರಾಡ್, ಸಾತಾರಾ ದಾಟಿ, ಖಂಬಾಟಕಿ ಸುರಂಗ ಮತ್ತು ಕಾತ್ರಜ್ ಇಳಿಜಾರಿನಲ್ಲಿ ತರುವುದೆಂದರೆ ಎರಡು ಮನೆಗಳ ಜೀವದೊಂದಿಗೆ ಆಟ. ತೆರೆದ ಹಾಸಿನ ಲಾರಿಗೆ ಏರಿಸಿ ತನ್ನಿ. ಏರಿಸುವ ಮುಂಚೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿದೆಯೋ ನೋಡಿ. ಗೇರು ನ್ಯೂಟ್ರಲ್ಲಿನಲ್ಲಿದ್ದರೆ ಉರುಳುವುದಕ್ಕೆ ಅಡ್ಡಿಯಿಲ್ಲ.

ಫೋಂಡಾ ಹೋಟೆಲಿನವ (ಗೋವಾ):

ದೀಪಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. ಎಲ್‌ಇಡಿ ಬಲ್ಬನ್ನು ಹಳೆಯ ದುಂಡು ದೀಪದೊಳಗೆ ತುರುಕಿದರೆ ಎದುರಿನವರ ಕಣ್ಣು ಕುಕ್ಕುತ್ತದೆಯೇ ಹೊರತು ನಿಮ್ಮ ರಸ್ತೆ ಕಾಣುವುದಿಲ್ಲ. ಏಳು ಇಂಚಿನ ಹೊಸ ಎಚ್4 ದೀಪ, 60/55 ವ್ಯಾಟಿನ ಬಲ್ಬು, ಬ್ಯಾಟರಿಯಿಂದ ನೇರವಾಗಿ ರಿಲೇ ಮೂಲಕ ದಪ್ಪ ವೈರು ಎಳೆಸಿ. ಹಳೆಯ ಗಾಡಿಗಳ ದೀಪ ಮಂಕಾಗಿರುವುದು ಹೆಚ್ಚಾಗಿ ಬಲ್ಬಿನಿಂದಲ್ಲ, ಸ್ವಿಚ್ಚಿನವರೆಗೆ ಹೋಗಿ ಬರುವ ಸಣ್ಣ ವೈರಿನಲ್ಲಿ ವೋಲ್ಟೇಜ್ ಸೋರುವುದರಿಂದ. ವೈರಿಂಗನ್ನು ಪೂರ್ತಿ ಹೊಸದಾಗಿ ಫ್ಯೂಸ್ ಪೆಟ್ಟಿಗೆಯೊಂದಿಗೆ ಮಾಡಿಸಿ. ಅಲ್ಲಿ ಜಿಪುಣತನ ಬೇಡ, ಬೆಂಕಿ ಹತ್ತುವುದು ಅಲ್ಲಿಂದಲೇ. ಎಸಿಯನ್ನು ನಾನಾದರೆ ಮರೆತುಬಿಡುತ್ತೇನೆ; ಆ ಕ್ಯಾಬಿನ್ನಿನ ಸಂದುಗಳಲ್ಲಿ ಗಾಳಿ ತಾನಾಗಿ ಬರುತ್ತದೆ.

ತಂಬಾಕಿನೂರಿನವ (ಪುಣೆ):

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಐದನೆಯ ದಿನಕ್ಕೆ ಎಂಜಿನ್ನು ಪಾನಾಕ್ಕೆ ಮಿಸುಕಿತು, ಏಳನೆಯ ದಿನ ಪೂರ್ತಿ ಸುತ್ತಿತು. ಪ್ಯೂಜೋವನ್ನೇ ಉಳಿಸಿಕೊಳ್ಳುವುದು, ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಹಾಕಿಸುವುದು, ಡ್ರಮ್ಮುಗಳನ್ನು ಭೋಸರಿಯಲ್ಲೇ ಲೇಥ್ ಹಿಡಿಸುವುದು ಎಂದು ತೀರ್ಮಾನಿಸಿದ್ದೇವೆ. ತಮ್ಮನಿಗೆ ಸಮಾಧಾನವಾಗಲೆಂದು ಪವರ್ ಸ್ಟಿಯರಿಂಗ್ ವಿಷಯವನ್ನು ಕಿಂಗ್‌ಪಿನ್ ಕೆಲಸವಾದ ಮೇಲೆ ನೋಡೋಣವೆಂದಿದ್ದೇನೆ.

ಆದರೆ ಹೊಸದೊಂದು ತೊಡಕು ಬಂದಿದೆ. ಚಾಸಿ ನಂಬರಿನ ಮೇಲಿನ ಗ್ರೀಸನ್ನು ಒರೆಸಿ ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿಯೊಂದಿಗೆ ಹೋಲಿಸಿದರೆ, ಪುಸ್ತಕದಲ್ಲಿ ಕೈಬರಹದ ‘8’ ಇರುವ ಕಡೆ ಚಾಸಿಯ ಮೇಲೆ ‘3’ ಇದೆ. ಉಳಿದೆಲ್ಲ ಅಂಕಿಗಳೂ ಎಂಜಿನ್ ನಂಬರೂ ಸರಿಯಾಗಿವೆ. ಇಷ್ಟು ವರ್ಷ ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಕಾಂದಿವಲಿಯ ಹಳಬ (ಮುಂಬೈ):

ಗಾಬರಿಯಾಗಬೇಡಿ, ಕೈಬರಹದ ಕಾಲದ ಪುಸ್ತಕಗಳಲ್ಲಿ ಇದು ಅಪರೂಪವೇನೂ ಅಲ್ಲ. ಆದರೆ ಕ್ರಮ ತಪ್ಪಬಾರದು. ಬ್ಯಾಕ್‌ಲಾಗ್ ಎಂಟ್ರಿ ಆಗುವ ಮುಂಚೆಯೇ ತಿದ್ದುಪಡಿಯ ಅರ್ಜಿ ಕೊಡಿ. ತಪ್ಪು ಅಂಕಿ ಒಮ್ಮೆ ಕಂಪ್ಯೂಟರಿಗೆ ಏರಿದರೆ ಎನ್‌ಓಸಿಯಲ್ಲೂ ಅದೇ ಬರುತ್ತದೆ, ಪುಣೆಯಲ್ಲಿ ತಪಾಸಣೆ ಮಾಡುವವರು ಚಾಸಿಯ ಮೇಲಿನ ಅಂಕಿ ನೋಡಿ ಗಾಡಿಯನ್ನೇ ಸಂಶಯಿಸುತ್ತಾರೆ. ಮೂಲ ಆರ್‌ಟಿಓದಲ್ಲಿ 1985ರ ನೋಂದಣಿ ರಿಜಿಸ್ಟರನ್ನು ತೆಗೆಸಿ ನೋಡುವಂತೆ ವಿನಂತಿಸಿ. ಅಲ್ಲಿ ‘3’ ಇದ್ದರೆ ಕೆಲಸ ಹಗುರ. ಖರೀದಿಯ ಹಳೆಯ ಬಿಲ್ಲೋ ವಿಮೆಯ ಪಾಲಿಸಿಯೋ ಸಿಕ್ಕರೆ ಜೊತೆಗಿಡಿ. ಇನ್‌ಸ್ಪೆಕ್ಟರರು ಗಾಡಿಯನ್ನು ಕಣ್ಣಾರೆ ನೋಡಬೇಕೆಂದರೆ ಅದು ಇನ್ನೂ ಬೆಳಗಾವಿ ಜಿಲ್ಲೆಯಲ್ಲೇ ಇರುವುದು ಅನುಕೂಲ, ಆದ್ದರಿಂದ ಲಾರಿಯವರಿಗೆ ಈಗಲೇ ಮುಂಗಡ ಕೊಡಬೇಡಿ. ಅಲ್ಲಿಯವರೆಗೆ ಆ ನಂಬರಿನ ಮೇಲೆ ಬ್ರಷ್ಷು, ಬಣ್ಣ, ಪಾಲಿಷು ಏನನ್ನೂ ಮುಟ್ಟಿಸಬೇಡಿ. ಗ್ರೀಸು ಹಚ್ಚಿ ಮುಚ್ಚಿಡಿ.

ತಂಬಾಕಿನೂರಿನವ (ಪುಣೆ):

ಗ್ರೀಸು ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಬಂದಿದ್ದೇನೆ. ಲಾರಿಯವರಿಗೆ ಮುಂದೂಡಲು ತಿಳಿಸಿದೆ. ವಿಮೆಯ 1986ರ ಒಂದು ರಸೀದಿ ತಾಯಿಯವರ ಪಂಚಾಂಗದ ಕಟ್ಟಿನಲ್ಲಿ ಸಿಕ್ಕಿದೆ, ಅದರಲ್ಲಿ ಟೈಪು ಮಾಡಿದ ‘3’ ಸ್ಪಷ್ಟವಾಗಿದೆ. ಸೋಮವಾರ ಬೆಳಗಾವಿಗೆ ಹೋಗುತ್ತಿದ್ದೇನೆ. ರಿಜಿಸ್ಟರಿನಲ್ಲಿ ಏನಿದೆಯೆಂದು ನೋಡಿ ತಿಳಿಸುತ್ತೇನೆ.